ಸೀರಿಗೆ ಬಂದ ಫೋರ್ಕ್

ಕೊಂಬೈ
4 ಡಿಸೆಂಬರ್ 2024

ದಿಂಡಿಗಲ್ ಸೈಕಲ್ ಶೋರೂಮಿನ ಯಜಮಾನರಾದ ಮುತ್ತುಕುಮಾರ್ ಅವರಿಗೆ,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಹೀಗೆ. ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ದನಿ ಕೇಳಬೇಕಾಗುತ್ತದೆ. ಅಪ್ಪ ಮೈಸೂರಿನ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಕಲಿತು ಬಂದು ನಮ್ಮಿಬ್ಬರಿಗೂ ಕಲಿಸಿದ ಈ ಅಕ್ಷರ ಇದೊಂದಕ್ಕಾದರೂ ಉಪಯೋಗಕ್ಕೆ ಬರಲಿ. ನನ್ನ ಗಂಡನ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಬಲ್ಲವಳು ನಾನೊಬ್ಬಳೇ. ನಿನ್ನನ್ನು ಮನಸಾರೆ ಬೈದು ಬರೆದು ಊಟದ ಮೇಜಿನ ಮೇಲೆ ಬಿಟ್ಟು ಹೋದರೂ ಯಾರಿಗೂ ತಿಳಿಯುವುದಿಲ್ಲ.

ನಿನ್ನೆ ಬಸ್ಸಿನಲ್ಲಿ ನಿನ್ನ ಪಾರ್ಸೆಲ್ ಬಂತು. ಹಳದಿ ಬಟ್ಟೆ ಸುತ್ತಿ, ಮೇಲೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಕಟ್ಟಿ, ಒಳಗೆ ನೋಡಿದರೆ ಪಳಪಳ ಹೊಳೆಯುವ ಒಂದು ಸಸ್ಪೆನ್ಶನ್ ಫೋರ್ಕ್. ತಾಯ್ಮಾಮನ ಸೀರು ಎಂದು ಮೇಲೊಂದು ಚೀಟಿ, ಸೋದರಮಾವ ಕೊಡುವ ಉಡುಗೊರೆಯಂತೆ. ನನ್ನ ಮಗಳು ಸರಣ್ಯಾ ದೊಡ್ಡವಳಾದ ದಿನ ಸೀರಿನ ತಟ್ಟೆಗಳನ್ನು ಹೊರಿಸಿಕೊಂಡು ಬರಬೇಕಾಗಿದ್ದ ತಾಯ್ಮಾಮ ಮಧ್ಯಾಹ್ನವಾದರೂ ಬರಲಿಲ್ಲ. ಕೊನೆಗೆ ಪಕ್ಕದ ಬೀದಿಯ ಮುತ್ತಯ್ಯನನ್ನು ಮಾಮನ ಜಾಗದಲ್ಲಿ ನಿಲ್ಲಿಸಿ ಹುಡುಗಿಗೆ ನೀರು ಹಾಕಿಸಿದೆವು. ಅದಾಗಿ ಆರು ವರ್ಷ. ಈಗ ನೆನಪಾಯಿತೋ ಸೀರು?

ಇರಲಿ, ಅದು ನಿನ್ನ ನನ್ನ ಜಗಳ. ಇದು ಹುಡುಗಿಯ ಕುತ್ತಿಗೆಯ ಮಾತು. ಅವಳ ಬೆಟ್ಟದ ಸೈಕಲ್ಲಿನ ಫ್ರೇಮನ್ನು ನೂರ ಇಪ್ಪತ್ತು ಮಿಲಿಮೀಟರ್ ಕುಗ್ಗುವ ಫೋರ್ಕಿಗೆಂದು ಮಾಡಿರುವುದು. ನೀನು ಕಳಿಸಿರುವುದು ನೂರೈವತ್ತರದ್ದು. ಮುಂಗಾಲು ಅಷ್ಟು ಉದ್ದವಾದರೆ ಗಾಡಿ ಮೂಗೆತ್ತಿಕೊಂಡು ನಿಲ್ಲುತ್ತದೆ. ಏರಿನಲ್ಲಿ ಮುಂದಿನ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಒಂದೊಂದು ಕಲ್ಲಿನ ಪೆಟ್ಟೂ ಉದ್ದನೆಯ ಹಾರೆಯಲ್ಲಿ ಮೀಟಿದ ಹಾಗೆ ಹ್ಯಾಂಡಲಿನ ಕೆಳಗಿರುವ ಬೆಸುಗೆಯ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂ ಬಾಗಿ ಎಚ್ಚರಿಕೆ ಕೊಡುವ ಜಾತಿಯಲ್ಲ, ಒಮ್ಮೆಲೇ ಮುರಿಯುತ್ತದೆ. ಇದೆಲ್ಲ ಸೈಕಲ್ ಮಾರುವವನಿಗೆ ಗೊತ್ತಿರಬೇಕಾಗಿತ್ತು.

ಫೋರ್ಕ್ ವಾಪಸ್ ತೆಗೆದುಕೋ. ಇಲ್ಲವೇ, ಅದರೊಳಗಿನ ರಾಡ್ ಬದಲಿಸಿದರೆ ಅದೇ ಫೋರ್ಕು ನೂರ ಇಪ್ಪತ್ತಕ್ಕೆ ಇಳಿಯುತ್ತದೆ. ಗಿಡ್ಡ ರಾಡ್ ತರಿಸಿ ಕಳಿಸು, ಕೂರಿಸುವುದು ನನಗೆ ಗೊತ್ತು.

ನಿನ್ನ ಮಗ ಪ್ರಭಾಕರನ್‌ಗೆ ಹೆಣ್ಣು ಹುಡುಕುತ್ತಿದ್ದೀರಂತೆ. ಅತ್ತೆ ಮಗಳ ಮೇಲೆ ಮುರೆ ಇದೆ, ಹಕ್ಕಿದೆ ಎಂದು ಈ ಕಬ್ಬಿಣ ಕಳಿಸಿ ನನ್ನ ಮಗಳಿಗೆ ಗುರುತು ಹಾಕಲು ನೋಡಬೇಡ.

ಮಣಿಮೇಗಲೈ


ದಿಂಡಿಗಲ್
9 ಡಿಸೆಂಬರ್ 2024

ಕೊಂಬೈ ಪಂಕ್ಚರ್ ಅಂಗಡಿಯ ಮೇಡಂ ಅವರಿಗೆ,

ಮೊದಲನೆಯದಾಗಿ ಅದು ಕಬ್ಬಿಣವಲ್ಲ, ಮೆಗ್ನೀಸಿಯಂ. ಅಪ್ಪನ ಹಳೆ ಅಂಗಡಿಯಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಾ ಇದ್ದವರಿಗೆ ವ್ಯತ್ಯಾಸ ತಿಳಿಯದೆ ಇರುವುದು ಸಹಜ.

ನಾನಾಗಿ ಕಳಿಸಲಿಲ್ಲ. ನಿನ್ನ ಮಗಳೇ ಫೋನ್ ಮಾಡಿದಳು. “ಮಾಮಾ, ಸಿರುಮಲೆ ರೇಸಿಗೆ ಹೋಯ್ತೀನಿ. ಒನ್ ಟ್ವೆಂಟಿ ಫೋರ್ಕ್ ಒಂದ್ ಬೇಕು. ಅಮ್ಮನ್ ಕಿಟ್ಟ ಸೊಲ್ಲಿರಾದೆ” ಎಂದಳು. ಅಮ್ಮನಿಗೆ ಹೇಳಬೇಡ ಎನ್ನುವಷ್ಟು ಹೆದರಿಸಿಟ್ಟಿದ್ದೀಯ. ಆರು ವರ್ಷದ ಮೇಲೆ ಆ ಹುಡುಗಿ ಬಾಯಿಬಿಟ್ಟು ಮಾಮನನ್ನು ಒಂದು ವಸ್ತು ಕೇಳಿದಳು. ಕೇಳಿದಷ್ಟನ್ನೇ ಅಳೆದು ಕೊಡಲು ಅವಳು ನನ್ನ ಕೌಂಟರಿಗೆ ಬಂದ ಗಿರಾಕಿಯೇ? ನಮ್ಮ ಮನೆಯಲ್ಲಿ ಸೀರು ಹೇಗೆ ಬರುತ್ತಿತ್ತು ಮರೆತೆಯಾ? ನಿನಗೆ ಕಿವಿ ಚುಚ್ಚಿದಾಗ ನೀನು ಕರು ಬೇಕು ಎಂದು ಅಳುತ್ತಿದ್ದೆ, ಮಾಮ ಕರುವಿನ ಜೊತೆ ತಾಯಿಹಸುವನ್ನೂ ಹೊಡೆದುಕೊಂಡು ಬಂದ. ಕೇಳಿದ್ದಕ್ಕಿಂತ ಒಂದು ಬೆರಳಾದರೂ ಹೆಚ್ಚು ಇರದಿದ್ದರೆ ಅದನ್ನು ನಮ್ಮಲ್ಲಿ ತಟ್ಟೆಯಲ್ಲೇ ಇಡುವುದಿಲ್ಲ. ನೂರ ಇಪ್ಪತ್ತು ಕೇಳಿದಳು, ನೂರೈವತ್ತು ಕೊಟ್ಟೆ.

ಗಿಡ್ಡ ರಾಡ್ ಕಳಿಸಬೇಕಂತೆ. ಕೊಟ್ಟ ಸೀರನ್ನು ಕುಗ್ಗಿಸಿದ ಮಾಮ ಎಂದು ನಾನು ಹೆಸರು ತೆಗೆದುಕೊಳ್ಳಬೇಕೇ? ಆಗುವುದಿಲ್ಲ. ವಾಪಸ್ಸು ಕಳಿಸಿದರೆ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬರುತ್ತೇನೆ.

ಆ ದಿನ ಮಧ್ಯಾಹ್ನದವರೆಗೆ ನಾನೇಕೆ ಬರಲಿಲ್ಲ ಎಂದು ಇವತ್ತಿನವರೆಗೆ ನೀನು ಕೇಳಿಲ್ಲ. ವತ್ತಲಗುಂಡು ದಾಟಿದ ಮೇಲೆ ವ್ಯಾನು ಕೆಟ್ಟು ನಿಂತಿತ್ತು. ತಟ್ಟೆಗಳನ್ನೆಲ್ಲ ಕೋಳಿ ಲಾರಿಗೆ ಹತ್ತಿಸಿಕೊಂಡು ಬಂದೆ. ಬಂದರೆ ನನ್ನ ಪೇಟ ಮುತ್ತಯ್ಯನ ತಲೆಯ ಮೇಲಿತ್ತು. ಇನ್ನೊಂದು ಗಂಟೆ ಕಾಯಲು ನಿನಗೇನಾಗಿತ್ತು?

ಪ್ರಭಾಕರನ್ ವಿಷಯ ಎತ್ತಬೇಡ. ನಿನ್ನ ಮಗಳ ಮೊಣಕಾಲಿನ ಗಾಯಗಳನ್ನು ನೋಡಿದ ಯಾವ ಹುಡುಗನೂ ಮುರೆ ಕೇಳುವುದಿಲ್ಲ.

ಮುತ್ತುಕುಮಾರ್


ಕೊಂಬೈ
23 ಡಿಸೆಂಬರ್ 2024

ಮುತ್ತುಕುಮಾರ್ ಅವರಿಗೆ,

ಮೊಣಕಾಲಿನ ಮಾತನ್ನು ಸರಣ್ಯಾಗೆ ಹೇಳಲಿಲ್ಲ. ಹೇಳಿದ್ದರೆ ನಿನ್ನ ಸೀರನ್ನು ಅವಳೇ ಬಾವಿಗೆ ಹಾಕುತ್ತಿದ್ದಳು. ಈಗ ಅನಿಸುತ್ತದೆ, ಹೇಳಬೇಕಾಗಿತ್ತು.

ನನಗೆ ಫೋರ್ಕ್ ಮುಟ್ಟುವ ಮನಸ್ಸೇ ಇರಲಿಲ್ಲ. ನನ್ನ ಅತ್ತೆ ರಾಜಮ್ಮಾಳ್ ಬಿಡಲಿಲ್ಲ. ಹಳದಿ ಬಟ್ಟೆ ನೋಡಿದ್ದೇ ಶುರು. “ತಾಯ್ಮಾಮನ್ ಕಳ್ಸಿದ ಸೀರ ತಿರುಪ್ಪಿ ಕಳ್ಸದಾ? ನಾಳೆ ಇವಳ್ ಕಲ್ಯಾಣಕ್ಕೆ ಮಾಮನ್ ಅಂತ ಯಾರ್ ಬಂದು ನಿಕ್ಕಾರು, ಆ ಮುತ್ತಯ್ಯನಾ? ಮಾಟ್ಟು ಪುಳ್ಳೆ, ಮೊದ್ಲು ಗಾಡಿಗೆ ಮಾಟ್ಟು!” ವಾಪಸ್ ಕಳಿಸಬಾರದಂತೆ, ಗಾಡಿಗೆ ತೊಡಿಸಲೇಬೇಕಂತೆ. ಫೋರ್ಕ್ ಎಂದರೆ ಏನೆಂದು ಆಕೆಗೆ ಗೊತ್ತಿಲ್ಲ, ಒಡವೆ ಎಂದುಕೊಂಡಿರಬೇಕು. ನನ್ನ ಗಂಡ ಪೆರಿಯಣ್ಣನ್ ಯಥಾಪ್ರಕಾರ ದ್ರಾಕ್ಷಿ ತೋಟಕ್ಕೆ ಹೋಗಿಬಿಟ್ಟರು.

ಸರಿ, ಹಾಕಿಯೇ ತೋರಿಸುತ್ತೇನೆ ಎಂದು ಹಾಕಿದೆ. ಹಳೆಯ ಫೋರ್ಕ್ ಬಿಚ್ಚಿ, ಬೇರಿಂಗಿನ ಕೆಳಗಿನ ಬಳೆಯನ್ನು ತಟ್ಟಿ ಎಬ್ಬಿಸಿ, ನಿನ್ನದರ ಕುತ್ತಿಗೆಗೆ ಕೂರಿಸಿದೆ. ಫೋರ್ಕಿನ ಮೇಲಿನ ಕೊಳವೆಯನ್ನು ಅಳತೆಗೆ ಕತ್ತರಿಸಬೇಕಿತ್ತು, ಕತ್ತರಿಸಲಿಲ್ಲ. ಒಂದರ ಮೇಲೊಂದು ಬಳೆ ಪೇರಿಸಿ ಹ್ಯಾಂಡಲ್ ಬಿಗಿದೆ. ಗಾಡಿ ನಿಂತ ರೀತಿ ನೋಡಬೇಕಿತ್ತು, ಹಿಂದಕ್ಕೆ ಒರಗಿ ಕೂತ ಯಜಮಾನನ ಹಾಗೆ, ನಿನ್ನ ಹಾಗೆ. ಪೆಡಲ್ ಕೂಡ ನೆಲದಿಂದ ಮೇಲೆದ್ದಿತ್ತು.

ಸರಣ್ಯಾ ಅದನ್ನು ತೆಗೆದುಕೊಂಡು ಬೆಟ್ಟದ ಬುಡದ ಏಲಕ್ಕಿ ಜೀಪು ದಾರಿಗೆ ಹೋದಳು. ನಾನು ನನ್ನ ಗಂಡನ ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಮೊದಲ ಕಡಿದಾದ ತಿರುವಿನಲ್ಲೇ ಮುಂದಿನ ಚಕ್ರ ಅತ್ತ ಇತ್ತ ಅಲೆದು, ಎದ್ದು, ಹುಡುಗಿ ಅಂಗಾತ ಬಿದ್ದಳು. ಮೊಣಕೈ ತರಚಿತು. ನಾನು ಹೇಳಿದ್ದೆಲ್ಲ ಹೇಳಿದ ಹಾಗೇ ಆಯಿತು. ಮನೆಗೆ ತಂದು ನಿನ್ನ ಫೋರ್ಕ್ ಬಿಚ್ಚಿ ಗೋಣಿಚೀಲಕ್ಕೆ ಹಾಕಿ, ಹಳೆಯದನ್ನೇ ಕೂರಿಸಿದ್ದೇನೆ. ಇಷ್ಟೇ ಹೇಳಬೇಕಾಗಿದ್ದುದು.

ಮಣಿಮೇಗಲೈ


ದಿಂಡಿಗಲ್
28 ಡಿಸೆಂಬರ್ 2024

ಮಣಿಮೇಗಲೈಗೆ,

ಇಷ್ಟೇ ಅಲ್ಲ. ಉಳಿದದ್ದನ್ನು ನಾನು ಹೇಳುತ್ತೇನೆ ಕೇಳು.

ಬಿದ್ದ ಮೇಲೆ ಹುಡುಗಿ ಎದ್ದು, ಗಾಡಿ ತಳ್ಳಿಕೊಂಡು ಮೇಲೆ ಹೋಗಿ, ಅಲ್ಲಿಂದ ಇಳಿದಳು. ಅದನ್ನು ನೀನು ಬರೆಯಲೇ ಇಲ್ಲ. ಅವಳ ಗೆಳತಿ ತೆಗೆದ ವಿಡಿಯೋ ನನ್ನ ಫೋನಿನಲ್ಲಿದೆ. ಮೊದಲು ಬ್ರೇಕ್ ಹಿಡಿದು ಹಿಡಿದು ಇಳಿಯುತ್ತಿದ್ದ ಬಂಡೆಗಳ ಮೇಲೆ ಈಗ ಬಿಟ್ಟ ಬಾಣದ ಹಾಗೆ ಬಂದಿದ್ದಾಳೆ. ಚಕ್ರ ಕಲ್ಲುಗಳನ್ನು ನುಂಗಿಕೊಂಡು ಬರುತ್ತದೆ. “ಮಾಮಾ, ಸೆಮ್ಮಯಾ ಹೋಯ್ತದೆ! ಕೈಯಿಗೆ ನೋವೇ ತೆರಿಯಲ್ಲ” ಎಂದು ಫೋನಿನಲ್ಲಿ ಕುಣಿದಾಡಿದಳು. ನೀನೂ ಸ್ಕೂಟರಿನ ಪಕ್ಕ ನಿಂತು ಬಾಯಿ ತೆರೆದು ನೋಡುತ್ತಿದ್ದೀಯ, ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಯಾಕೆ ನುಂಗಿದೆ? ಮಗಳು ನಿನ್ನ ಕೈಮೀರಿ ಮುಂದೆ ಹೋಗುತ್ತಾಳೆ ಎಂಬ ಹೊಟ್ಟೆಯುರಿಯೇ? ಅಥವಾ ನನ್ನಿಂದ ಹೋಗುತ್ತಾಳೆ ಎಂದೇ?

ಕೊಳವೆ ಕತ್ತರಿಸಲಿಲ್ಲವಂತೆ. ಯಾಕೆಂದು ನನಗೆ ಗೊತ್ತು. ಕತ್ತರಿಸಿದರೆ ವಾಪಸ್ ಕೊಡಲಾಗುವುದಿಲ್ಲ, ಸೀರು ಒಪ್ಪಿಕೊಂಡ ಹಾಗಾಗುತ್ತದೆ. ನೀನು ಯಾವಾಗಲೂ ಹೀಗೆಯೇ. ಇಟ್ಟುಕೊಳ್ಳುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ.

ಇನ್ನೊಂದು ಸುದ್ದಿ. ಗೋಣಿಚೀಲದಲ್ಲಿ ಈಗ ಇರುವುದು ಹಳೆಯ ಫೋರ್ಕು. ನೀನು ಅಂಗಡಿಗೆ ಹೋದ ಹೊತ್ತಿನಲ್ಲಿ ಅವಳೇ ಬದಲಾಯಿಸಿಕೊಂಡಿದ್ದಾಳೆ. ಕೊಳವೆಯನ್ನೂ ಕತ್ತರಿಸಿದ್ದಾಳೆ. ಎಲ್ಲಾ ನಿನ್ನನ್ನು ನೋಡಿ ಕಲಿತದ್ದು, ಕೆಲಸ ಚೊಕ್ಕವಾಗಿದೆಯಂತೆ. ಸಿರುಮಲೆ ರೇಸು ಫೆಬ್ರವರಿ ಎರಡಕ್ಕೆ, ಭಾನುವಾರ. ಹೆಸರು ಬರೆಸಿದ್ದೇನೆ. ಅವಳ ಬೆನ್ನಿನ ಮೇಲೆ ನನ್ನ ಶೋರೂಮಿನ ಹೆಸರು ಇರುತ್ತದೆ.

ಫ್ರೇಮಿನ ವಿಷಯ ತಿಳಿದವರನ್ನು ವಿಚಾರಿಸಿದ್ದೇನೆ, ಏನೂ ಆಗುವುದಿಲ್ಲ.

ಮುತ್ತುಕುಮಾರ್


ಕೊಂಬೈ
17 ಜನವರಿ 2025

ಮುತ್ತುಕುಮಾರ್‌ಗೆ,

ಯಾರನ್ನು ವಿಚಾರಿಸಿದೆ? ಹೆಸರು ಹೇಳು.

ನಿನ್ನೆ ಎರಡು ಸಲ ಫೋನ್ ಮಾಡಿದೆ. ನೀನು ನನ್ನ ಹೆಸರು ನೋಡಿ ಕತ್ತರಿಸಿದೆ. ಆದ್ದರಿಂದ ಈ ಕಾಗದವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು, ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಅವಳು ಫೋರ್ಕ್ ಬದಲಾಯಿಸಿದ್ದು ನಿನ್ನ ಕಾಗದ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಸುಮ್ಮನಿದ್ದೆ. ಯಾಕೆ ಎಂದರೆ, ಹೌದು, ಅವಳು ಇಳಿಯುವುದನ್ನು ನಾನು ನೋಡಿದ್ದೆ. ಅಷ್ಟು ಚೆನ್ನಾಗಿ ನಮ್ಮ ಅಂಗಡಿಯ ಯಾವ ಸೈಕಲ್ಲೂ ಯಾವತ್ತೂ ಇಳಿದಿಲ್ಲ. ಬಿಚ್ಚಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಇದನ್ನು ಓದಿ ನೀನು ಬೀಗಬೇಡ.

ಪೊಂಗಲ್ ಮರುದಿನ ಎತ್ತಿಗೆ ಹಾಕುವ ಹೂವಿನ ಹಾರವನ್ನು ಅವಳ ಸೈಕಲ್ಲಿಗೂ ಹಾಕೋಣ ಎಂದು ಗಾಡಿ ಒರೆಸುತ್ತಿದ್ದೆ. ಹ್ಯಾಂಡಲಿನ ಕೆಳಗೆ, ಫ್ರೇಮಿನ ಕೆಳಗಿನ ಕೊಳವೆ ಬಂದು ಸೇರುವ ಬೆಸುಗೆಯ ಪಕ್ಕ, ಕೂದಲೆಳೆಯಷ್ಟು ಗೆರೆ. ಒರೆಸಿದರೆ ಹೋಗಲಿಲ್ಲ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಕೆರೆದು ನೋಡೋಣ ಎಂದು ಕೈ ಹಾಕಿದೆ, ಅವಳು ಗಾಡಿ ಕಿತ್ತುಕೊಂಡಳು. “ಬರೀ ಪೇಂಟ್ ಅಮ್ಮಾ! ನಾನ್ ಹೋಗದು ನಿನ್ಗೆ ಪುಡಿಕ್ಕಲ್ಲ, ಅದ್ಕೆ ಹೊಸ್ದಾ ಒಂದು ಕಂಡುಪುಡಿಚ್ಚಿದೀಯ” ಎಂದಳು. ಅವಳು ಹೋಗುವುದು ನನಗೆ ಇಷ್ಟವಿಲ್ಲದ್ದಕ್ಕೆ ಹೊಸದೊಂದು ಕತೆ ಹುಟ್ಟಿಸಿದೆನಂತೆ. ನಾನು ಶುರುವಿನಿಂದ ಬೇಡ ಬೇಡ ಎಂದು ಕೂಗಿದ್ದಕ್ಕೆ ಈಗ ನಿಜ ಹೇಳಿದರೂ ನೆಪವಾಗಿ ಕೇಳುತ್ತದೆ.

ನಿನ್ನೆ ತೆಂಗಿನಕಾಯಿ ವ್ಯಾನಿನಲ್ಲಿ ಗಾಡಿ ಹಾಕಿಕೊಂಡು ನಿನ್ನ ಮನೆಗೆ ಹೊರಟಳು. ರೇಸಿನವರೆಗೆ ನಿಮ್ಮೂರ ಪಕ್ಕದ ಸಿರುಮಲೆ ಬೆಟ್ಟದಲ್ಲೇ ಅಭ್ಯಾಸ ಮಾಡುತ್ತಾಳಂತೆ. ನನ್ನ ಫೋನ್ ಎತ್ತುವುದಿಲ್ಲ. ನಾನು ಅಳುತ್ತಿಲ್ಲ, ಆದರೆ ನನಗೆ ಭಯವಾಗಿದೆ. ಆ ಬೆಸುಗೆ ಬಿಟ್ಟುಕೊಂಡರೆ ಮುಂದಿನ ಚಕ್ರ ಫೋರ್ಕ್ ಸಮೇತ ಕಳಚಿ ಹೋಗುತ್ತದೆ, ಹುಡುಗಿ ಮುಖ ಕೆಳಗಾಗಿ ಬಂಡೆಯ ಮೇಲೆ ಬೀಳುತ್ತಾಳೆ. ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾಳೆ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡ. ಹೇಳಿ ನಿಲ್ಲಿಸು. ನಿಲ್ಲದಿದ್ದರೆ ಗಾಡಿಯನ್ನು ಮುರಿದಾದರೂ ಹಾಕು.

ಮಣಿಮೇಗಲೈ


ದಿಂಡಿಗಲ್
17 ಜನವರಿ 2025

ಮಣಿಮೇಗಲೈಗೆ,

ಯಾರನ್ನೂ ವಿಚಾರಿಸಿರಲಿಲ್ಲ.

ಕಾಗದ ಕಂಡಕ್ಟರ್ ಕೈಯಿಂದ ಬಂದಾಗ ಅವಳು ಒಂದು ಸುತ್ತು ಮುಗಿಸಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದಳು. ಗಾಡಿ ಶೋರೂಮಿನ ಹಿಂದೆ ನಿಂತಿತ್ತು. ಹೋಗಿ ಬಗ್ಗಿ ನೋಡಿದೆ. ನೀನು ಹೇಳಿದ ಜಾಗದಲ್ಲಿ ಗೆರೆ ಇತ್ತು. ನೀನು ಬರೆದದ್ದಕ್ಕಿಂತ ಸ್ವಲ್ಪ ಉದ್ದವಿತ್ತೇನೋ, ಅಥವಾ ನನಗೆ ಹಾಗೆ ಕಂಡಿತೋ, ಹೇಳಲಾರೆ.

ಮೊದಲು ಬಾಯಲ್ಲಿ ಹೇಳಿದೆ. “ಮಾಮಾ, ನೀಯೂ ಅಮ್ಮನ್ ಮಾದ್ರಿ ಪೇಸ್ತೀಯಾ? ಅವ್ಳು ಲೆಟರ್ ಹಾಕಿದಾಳಾ?” ಎಂದು ನಕ್ಕಳು. ಅಂಗಡಿಯಲ್ಲಿ ಬೇರೆ ಗಾಡಿ ಕೊಡುತ್ತೇನೆ, ಯಾವುದು ಬೇಕೋ ಆರಿಸಿಕೋ ಎಂದೆ. ಸಾಲಾಗಿ ನಿಲ್ಲಿಸಿದ್ದನ್ನೆಲ್ಲ ನೋಡಿ, “ಇದೆಲ್ಲಾ ಪಳ್ಳಿಗೆ ಹೋಗೋ ಪುಳ್ಳೆಗಳ್ ಗಾಡಿ ಮಾಮಾ” ಎಂದಳು. ನಿಜವೇ. ಶಾಲೆ ಮಕ್ಕಳ ಸೈಕಲ್ ಮಾರಿ ನಾನು ಶೋರೂಮು ಕಟ್ಟಿದ್ದು. ಊಟವಾದ ಮೇಲೆ ಇನ್ನೊಂದು ಸುತ್ತು ಹೋಗುತ್ತೇನೆ ಎಂದು ಸ್ನಾನಕ್ಕೆ ಹೋದಳು.

ಬಣ್ಣ ಕೆರೆದು ನೋಡಬಹುದಿತ್ತು. ನೋಡಿ ಒಳಗೆ ಲೋಹ ಗಟ್ಟಿಯಾಗಿಯೇ ಇದೆ ಎಂದಾದರೆ ಅವಳನ್ನು ಬಿಡಬೇಕಾಗುತ್ತಿತ್ತು. ಬಿಡಲು ನನಗೆ ಧೈರ್ಯ ಬರಲಿಲ್ಲ. ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಹ್ಯಾಕ್ಸಾ ತೆಗೆದುಕೊಂಡೆ. ಫ್ರೇಮಿನ ಕೆಳಗಿನ ಕೊಳವೆ ಪೂರ್ತಿ, ಮೇಲಿನದು ಅರ್ಧ ಕೊಯ್ದೆ. ಶಬ್ದಕ್ಕೆ ಅವಳು ಒದ್ದೆ ತಲೆಯಲ್ಲೇ ಓಡಿ ಬಂದಳು. ನನ್ನ ಕೈ ನಿಲ್ಲಲಿಲ್ಲ. ಅವಳು ನನ್ನ ಬೆನ್ನಿಗೆ ಹೊಡೆದಳು, ಬಲವಾಗಿಯೇ ಹೊಡೆದಳು. ಇನ್ನು ಮಾಮ ಎಂದು ಕರೆಯುವುದಿಲ್ಲ ಎಂದಳು. ನಿನಗೆ ಸಂತೋಷವಾಗಬಹುದು.

ಗರಗಸ ಆ ಗೆರೆಯ ಮೇಲೆಯೇ ಹೋಗಿದೆ. ಬಿರುಕು ಬಣ್ಣದ್ದೋ ಲೋಹದ್ದೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಬರೀ ಪೇಂಟ್ ಎಂದು ಅವಳು ಕೊನೆಯವರೆಗೂ ನಂಬುತ್ತಾಳೆ.

ನೀನು ಕೇಳಿದ್ದ ಗಿಡ್ಡ ರಾಡನ್ನು ನಿನ್ನ ಮೊದಲ ಕಾಗದ ಬಂದ ವಾರವೇ ತರಿಸಿದ್ದೆ. ಮೇಜಿನ ಖಾನೆಯಲ್ಲೇ ಇದೆ. ಕಳಿಸಲು ಮನಸ್ಸಾಗಲಿಲ್ಲ. ಅದನ್ನು ಹಾಕಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ. ಬೈ, ಕೇಳಿಸಿಕೊಳ್ಳುತ್ತೇನೆ. ಪ್ರಭಾಕರನ್ ವಿಷಯವೂ ನನ್ನ ಮನಸ್ಸಿನಲ್ಲಿ ಇತ್ತು. ಇನ್ನು ಇಲ್ಲ.

ಅವಳನ್ನು ಮೂರು ಗಂಟೆ ಬಸ್ಸಿಗೆ ಹತ್ತಿಸಿದ್ದೇನೆ. ನೀನು ಮುರಿ ಎಂದು ಬರೆದದ್ದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೆಣ್ಣು ಕೊಡಲಿಲ್ಲ ಎಂಬ ದ್ವೇಷಕ್ಕೆ ಮಾಮ ಹೀಗೆ ಮಾಡಿದ ಎಂದು ಹೇಳು. ಸುಲಭವಾಗಿ ನಂಬುತ್ತಾಳೆ. ನನ್ನನ್ನು ಬಿಟ್ಟರೂ ಅವಳ ಬದುಕು ನಡೆಯುತ್ತದೆ, ನಿನ್ನನ್ನು ಬಿಟ್ಟು ಇರಬಾರದು.

ಮುತ್ತುಕುಮಾರ್


ಕೊಂಬೈ
2 ಫೆಬ್ರವರಿ 2025

ಅಣ್ಣಾ,

ಇವತ್ತು ರೇಸು. ಸರಣ್ಯಾ ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಸಿರುಮಲೆಯಿಂದ ಯಾರು ಯಾರೋ ಹಾಕುವ ವಿಡಿಯೋ ನೋಡುತ್ತಿದ್ದಾಳೆ. ಗೆದ್ದ ಹುಡುಗಿ ಇಳಿದದ್ದನ್ನು ನಾನೂ ಅವಳ ಹಿಂದೆ ನಿಂತು ನೋಡಿದೆ. ನಮ್ಮವಳು ಇದ್ದಿದ್ದರೆ ಆ ಹುಡುಗಿ ಗೆಲ್ಲುತ್ತಿರಲಿಲ್ಲ. ಇದು ಹೆತ್ತ ಕರುಳಿನ ಮಾತಲ್ಲ, ಸೈಕಲ್ ಬಲ್ಲವಳ ಮಾತು.

ರಾಡನ್ನು ಖಾನೆಯಲ್ಲಿ ಇಟ್ಟುಕೊಂಡು ಕೂತಿದ್ದೆಯಲ್ಲ, ಅದನ್ನು ನಾನು ಸಾಯುವತನಕ ಕ್ಷಮಿಸುವುದಿಲ್ಲ. ಒಂದು ಬೆರಳು ಹೆಚ್ಚು ಕೊಟ್ಟೆ ಎಂದು ಊರಿಗೆ ತೋರಿಸಿಕೊಳ್ಳುವ ಆಸೆಗೆ ಮಗುವಿನ ಒಂದು ವರ್ಷ ಹಾಳು ಮಾಡಿದೆ. ಗೆರೆಯ ಮೇಲೆಯೇ ಗರಗಸ ಇಟ್ಟೆಯಲ್ಲ, ಒಂದು ಬೆರಳು ಆಚೆ ಇಡಲು ನಿನ್ನ ಕೈಗೇನಾಗಿತ್ತು? ನಿನಗೆ ಕೆಲಸ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದುದು ಸುಳ್ಳಲ್ಲ.

ಬಸ್ಸಿನಿಂದ ಇಳಿದು ಬಂದವಳು ಮನೆಯವರ ಜೊತೆ ಮಾತು ಬಿಟ್ಟಿದ್ದಳು. ಅತ್ತೆ ನಿನ್ನನ್ನು ಬೈಯಲು ತಯಾರಾಗಿಯೇ ಕೂತಿದ್ದರು, “ತಾಯ್ಮಾಮನಾ ಅವನ್? ಕೊಲೆಗಾರ!” ಎಂದು ಬೀದಿಗೆಲ್ಲ ಕೇಳಿಸಿದರು. ಸೀರು ಮಾಟ್ಟು ಎಂದು ಕುಣಿದವರೇ. ನಾನು ತಡೆಯಲಿಲ್ಲ. ನೀನು ಕಲಿಸಿಕೊಟ್ಟ ಸುಳ್ಳು ನನ್ನ ಬಾಯಲ್ಲೂ ತಯಾರಾಗಿತ್ತು.

ಮೊನ್ನೆ ಸರಣ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. “ಮಾಮನ್ ತಾನಾ ಅರುತ್ತಾನಾ, ಇಲ್ಲ ನೀ ಸೊಲ್ಲಿ ಅರುತ್ತಾನಾ?” ತಾನಾಗಿಯೇ ಕೊಯ್ದನೋ, ನಾನು ಹೇಳಿ ಕೊಯ್ದನೋ ಎಂದು. ಅವನೇ ಎಂದುಬಿಟ್ಟಿದ್ದರೆ ಅವತ್ತೇ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಡುತ್ತಿದ್ದಳು. ಅಷ್ಟು ಹತ್ತಿರ ಬಂದು ನಿಂತಿದ್ದಳು. ಆದರೆ ನಿನಗೆ ಹುಟ್ಟಿದ ಬುದ್ಧಿಯಲ್ಲ ಅದು, ನನ್ನದು. ನನ್ನ ಕೆಲಸಕ್ಕೆ ನಿನ್ನ ಹೆಸರು ಹಾಕಿಕೊಳ್ಳಲು ಬಿಡುವುದಿಲ್ಲ. ನಾನೇ ಮುರಿಯಲು ಬರೆದೆ ಎಂದೆ.

ಆಗ ಶುರು ಮಾಡಿದಳು ನೋಡು. “ಎರಡ್ ಪೇರೂ ಸೇರ್ಕೊಂಡ್ ನನ್ ಗಾಡಿನ ಕೊಂದ್ರಿ. ಆರ್ ವರ್ಷ ಒಬ್ಬರ್ ಮುಖ ಒಬ್ರು ಪಾಕ್ಕಲ್ಲ, ಇದಕ್ ಮಾತ್ರ ಒಂದಾದ್ರಿ!” ಎಂದು ಶುರುವಾದದ್ದು ಇನ್ನೂ ನಿಂತಿಲ್ಲ. ಬೆಳಿಗ್ಗೆ ದೋಸೆ ಹಾಕುವಾಗ ಬೈಯುತ್ತಾಳೆ, ಅಂಗಡಿಗೆ ಬಂದು ಗಿರಾಕಿಗಳ ಮುಂದೆ ಬೈಯುತ್ತಾಳೆ. ಕನ್ನಡದಲ್ಲಿ ಮಾತು ಸಾಲದೆ ಬಂದರೆ ತಮಿಳಿಗೆ ಹಾರುತ್ತಾಳೆ. ನಿನ್ನ ಪಾಲಿನದನ್ನೂ ನನಗೇ ಬೈಯುತ್ತಾಳೆ, ನೀನು ಎದುರಿಗೆ ಇಲ್ಲವಲ್ಲ. ಕುತ್ತಿಗೆ ನೆಟ್ಟಗಿದೆ, ಹಲ್ಲೆಲ್ಲ ಇದೆ, ಬೈಯುತ್ತಿದ್ದಾಳೆ. ಕೇಳುತ್ತಾ ನಿಂತಿರುತ್ತೇನೆ.

ಮುಂದಿನ ಭಾನುವಾರ ಬಾ. ಸೀರು ಗೀರು ಎಂದು ಏನನ್ನೂ ಹೊತ್ತು ತರಬೇಡ. ಅವಳನ್ನು ಸಮಾಧಾನ ಮಾಡಲೂ ಹೋಗಬೇಡ, ನಿನಗೆ ಅದು ಬರುವುದಿಲ್ಲ. ಬಂದು ಅವಳ ಮುಂದೆ ಕೂತು ಬೈಸಿಕೋ. ನಾನೊಬ್ಬಳೇ ಎಷ್ಟು ಅಂತ ಬೈಸಿಕೊಳ್ಳಲಿ?

ಮಣಿ